ಲಿಂಕ್ ಕಡಿಯುವ ಮುನ್ನ

ಕೇಳುಗರಿಗೆ ನಮಸ್ಕಾರ. ಎಕ್ಸೆಲ್‌ನಲ್ಲಿ ಒಂದು ವರ್ಕ್‌ಬುಕ್ಕಿನ ಅಂಕಿಗಳನ್ನು ಇನ್ನೊಂದಕ್ಕೆ ಜೋಡಿಸಿಕೊಂಡು ಲೆಕ್ಕ ಇಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದೇನೆ. ನಾನು ಹೇಳಬೇಕಾದದ್ದು ಒಂದೇ: ಲಿಂಕ್ ಕೆಟ್ಟಿತೆಂದು ಅದನ್ನು ಕಡಿಯಬೇಡಿ, ಮೂಲ ಫೈಲ್ ಈಗ ಎಲ್ಲಿದೆ ಎಂಬುದನ್ನು ಅದಕ್ಕೆ ತೋರಿಸಿಕೊಡಿ.

ಬೇರೆ ವರ್ಕ್‌ಬುಕ್ಕಿನಿಂದ, ಅಂದರೆ ಬೇರೆ ಎಕ್ಸೆಲ್ ಫೈಲಿನಿಂದ, ಅಂಕಿ ತರುವ ಸೂತ್ರವೇ ಈ ಲಿಂಕ್. ಅದರೊಳಗೆ ಫೋಲ್ಡರಿನ ದಾರಿ, ಚೌಕ ಕಂಸದಲ್ಲಿ ಫೈಲಿನ ಹೆಸರು, ಅನಂತರ ಶೀಟಿನ ಹೆಸರು, ಕೊನೆಗೆ ಸೆಲ್ಲಿನ ಗುರುತು, ಹೀಗೆ ಒಂದು ಪೂರ್ಣ ವಿಳಾಸವೇ ಇರುತ್ತದೆ. ಮೂಲ ಫೈಲನ್ನು ಬೇರೆಡೆಗೆ ಸರಿಸಿದಾಗ ವಿಳಾಸ ಹಳತಾಗುತ್ತದೆಯೇ ಹೊರತು ಅಂಕಿಗಳು ಎಲ್ಲಿಗೂ ಹೋಗಿರುವುದಿಲ್ಲ.

ಒಮ್ಮೆ ಒಂದು ಕಚೇರಿಯವರು ನನ್ನನ್ನು ಕರೆಸಿದ್ದರು. ಅಲ್ಲಿ 12 ತಿಂಗಳ 12 ವರ್ಕ್‌ಬುಕ್ಕುಗಳಿಂದ ವಾರ್ಷಿಕ ಲೆಕ್ಕದ ಫೈಲಿಗೆ ಅಂಕಿಗಳು ಬರುತ್ತಿದ್ದವು. ಯಾರೋ ಅಚ್ಚುಕಟ್ಟು ಮಾಡಲೆಂದು ತಿಂಗಳ ಫೈಲುಗಳನ್ನು ಹೊಸ ಫೋಲ್ಡರಿಗೆ ಸಾಗಿಸಿದರು. ಅಂದಿನಿಂದ ವಾರ್ಷಿಕ ಫೈಲ್ ತೆರೆದಾಗಲೆಲ್ಲ ಎಚ್ಚರಿಕೆ ಕಾಣಿಸಿಕೊಳ್ಳತೊಡಗಿತು. ಆ ಕಾಟ ತಪ್ಪಲೆಂದು ಒಬ್ಬರು ‘ಬ್ರೇಕ್ ಲಿಂಕ್’ ಒತ್ತಿ ಫೈಲನ್ನು ಸೇವ್ ಮಾಡಿದರು. ಎಚ್ಚರಿಕೆ ನಿಂತಿತು, ಎಲ್ಲರಿಗೂ ಸಮಾಧಾನವಾಯಿತು. ಕೆಲವು ವಾರಗಳ ಮೇಲೆ ಒಂದು ತಿಂಗಳ ಲೆಕ್ಕದಲ್ಲಿ ತಿದ್ದುಪಡಿಯಾದರೂ ವಾರ್ಷಿಕ ಮೊತ್ತ ಕದಲಲಿಲ್ಲ. ನಾನು ಹೋಗಿ ಸೆಲ್ ಮೇಲೆ ಕ್ಲಿಕ್ ಮಾಡಿ ನೋಡಿದರೆ ಸೂತ್ರವೇ ಇರಲಿಲ್ಲ, ಬರಿಯ ಸಂಖ್ಯೆಯಿತ್ತು. ಬ್ರೇಕ್ ಲಿಂಕ್ ಮಾಡುವುದೇ ಅಷ್ಟನ್ನು: ಸೂತ್ರವನ್ನು ಅಳಿಸಿ ಅಂದಿನ ಮೌಲ್ಯವನ್ನು ಉಳಿಸುತ್ತದೆ. ಅದನ್ನು ಅನ್‌ಡೂ ಮಾಡಲಾಗುವುದಿಲ್ಲ. ಸಿಬ್ಬಂದಿಯೊಬ್ಬರು ಹಿಂದೆ ಇಮೇಲ್‌ನಲ್ಲಿ ಕಳುಹಿಸಿದ್ದ ಹಳೆಯ ಪ್ರತಿ ಸಿಕ್ಕಿದ್ದರಿಂದ ಬಚಾವಾದೆವು. ಅದನ್ನು ತೆರೆದು, ಡೇಟಾ ಟ್ಯಾಬಿನ ‘ಎಡಿಟ್ ಲಿಂಕ್ಸ್’ಗೆ ಹೋಗಿ, ಒಂದೊಂದೇ ಫೈಲನ್ನು ಆರಿಸಿ, ‘ಚೇಂಜ್ ಸೋರ್ಸ್’ ಒತ್ತಿ ಹೊಸ ಜಾಗ ತೋರಿಸಿದೆ. ಫೈಲಿಗೆ ಒಂದು ಸಲ ತೋರಿಸಿದರೆ ಸಾಕು, ಆ ಫೈಲನ್ನು ನೆಚ್ಚಿದ ಅಷ್ಟೂ ಸೆಲ್ಲುಗಳು ಸರಿಹೋಗುತ್ತವೆ. ನೂರಾರು ಸೂತ್ರಗಳನ್ನು ಮತ್ತೆ ಟೈಪ್ ಮಾಡಲು ಎರಡು ದಿನದಿಂದ ಹೆಣಗುತ್ತಿದ್ದವರ ಮುಂದೆ ಹನ್ನೆರಡು ಸಲದಲ್ಲಿ ಕೆಲಸ ಮುಗಿಯಿತು. ಚೇಂಜ್ ಸೋರ್ಸ್, ದಯವಿಟ್ಟು ಈ ಹೆಸರನ್ನು ಬರೆದಿಟ್ಟುಕೊಳ್ಳಿ. ಹೊಸ ಎಕ್ಸೆಲ್‌ನಲ್ಲಿ ಎಡಿಟ್ ಲಿಂಕ್ಸ್ ಬದಲು ‘ವರ್ಕ್‌ಬುಕ್ ಲಿಂಕ್ಸ್’ ಎಂದಿದ್ದರೂ ಈ ಸೌಲಭ್ಯ ಅಲ್ಲಿಯೂ ಇದೆ.

ಈ ಪ್ರಸಂಗಕ್ಕೇ ಹೆಚ್ಚು ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಸೂತ್ರದೊಳಗೇ ಹ್ಯಾಷ್ ಗುರುತಿನೊಂದಿಗೆ ‘ರೆಫ್’ ಎಂದು ಬಂದಿದ್ದರೆ ವಿಳಾಸದ ಆ ಭಾಗವೇ ಅಳಿದುಹೋಗಿದೆ ಎಂದರ್ಥ. ಅಲ್ಲಿ ಹಳೆಯ ಪ್ರತಿಯನ್ನು ನೋಡಿ ಸೂತ್ರವನ್ನು ಮತ್ತೆ ಬರೆಯಲೇಬೇಕು. ಸೆಲ್ಲುಗಳಲ್ಲಿ ಎಲ್ಲೂ ಲಿಂಕ್ ಕಾಣದಿದ್ದರೂ ಎಚ್ಚರಿಕೆ ಬರುತ್ತಿದ್ದರೆ ಸೆಲ್ಲುಗಳಿಗೆ ಕೊಟ್ಟ ಹೆಸರುಗಳ ಪಟ್ಟಿಯಾದ ನೇಮ್ ಮ್ಯಾನೇಜರ್, ಚಾರ್ಟ್, ಸೆಲ್ಲಿನಲ್ಲಿ ಏನು ತುಂಬಬಹುದೆಂದು ಕಟ್ಟುಪಾಡು ಹಾಕುವ ಡೇಟಾ ವ್ಯಾಲಿಡೇಷನ್, ಷರತ್ತಿನಂತೆ ಸೆಲ್ಲಿನ ಬಣ್ಣ ಬದಲಿಸುವ ಕಂಡೀಷನಲ್ ಫಾರ್ಮ್ಯಾಟಿಂಗ್ ಇವುಗಳಲ್ಲಿ ಹುಡುಕಿ.

ಇನ್ನೊಂದು ಮಾತು ಉಳಿದಿದೆ. ಮೂಲ ಫೈಲಿನ ಹೆಸರನ್ನು ಬದಲಿಸಲೇಬೇಕಾದರೆ ಎರಡೂ ವರ್ಕ್‌ಬುಕ್ಕುಗಳನ್ನು ಒಟ್ಟಿಗೆ ತೆರೆದಿಟ್ಟುಕೊಂಡು, ಮೂಲವನ್ನು ‘ಸೇವ್ ಆ್ಯಸ್’ ಮೂಲಕ ಹೊಸ ಹೆಸರಿನಲ್ಲಿ ಉಳಿಸಿ, ಬಳಿಕ ಇನ್ನೊಂದನ್ನೂ ಸೇವ್ ಮಾಡಿ. ಎಕ್ಸೆಲ್ ತಾನಾಗಿಯೇ ಹೊಸ ವಿಳಾಸವನ್ನು ಬರೆದುಕೊಳ್ಳುತ್ತದೆ. ನಮಸ್ಕಾರ.