ಬೊಜ್ಜಿನ ಮಾತು ಸಕ್ಕರೆ ಕಾಯಿಲೆಗೇ ನಿಲ್ಲಬಾರದು

ನಮಸ್ಕಾರ. ಬೊಜ್ಜು ಎಂದೊಡನೆ ನಮಗೆ ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು ನೆನಪಾಗುತ್ತವೆಯೇ ಹೊರತು ಕ್ಯಾನ್ಸರ್ ನೆನಪಾಗುವುದಿಲ್ಲ. ಕ್ಯಾನ್ಸರ್ ಎಂದರೆ ಬೀಡಿ, ಗುಟ್ಕಾ ಎಂಬ ತಿಳಿವಳಿಕೆ ಜನರಲ್ಲಿ ಬೇರೂರಿದೆ, ಅದು ಒಳ್ಳೆಯದೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2016ರಲ್ಲಿಯೇ ಮೈಯಲ್ಲಿನ ಹೆಚ್ಚುವರಿ ಕೊಬ್ಬಿಗೂ 13 ಬಗೆಯ ಕ್ಯಾನ್ಸರ್‌ಗಳಿಗೂ ನಂಟಿದೆ ಎನ್ನಲು ಸಾಕಷ್ಟು ಪುರಾವೆಯಿದೆ ಎಂದು ತೀರ್ಮಾನಿಸಿತು. ದೊಡ್ಡ ಕರುಳು, ಯಕೃತ್ತು, ಮೂತ್ರಪಿಂಡ, ಮುಟ್ಟು ನಿಂತ ಮೇಲೆ ಬರುವ ಸ್ತನ ಕ್ಯಾನ್ಸರ್ ಆ ಪಟ್ಟಿಯಲ್ಲಿವೆ. ಅವುಗಳಲ್ಲಿ ನಂಟು ಅತ್ಯಂತ ಬಿಗಿಯಾಗಿರುವುದು ಗರ್ಭಕೋಶದ ಒಳಪದರದ ಕ್ಯಾನ್ಸರ್‌ನೊಂದಿಗೆ: ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತೋರಿಸುವ ಅಳತೆಯಾದ ಬಿಎಂಐ 40 ದಾಟಿದವರಿಗೆ ಇದರ ಅಪಾಯ ಸಾಮಾನ್ಯ ತೂಕದವರಿಗಿಂತ ಸುಮಾರು 7 ಪಟ್ಟು.

ಕೊಬ್ಬು ಮೈಯಲ್ಲಿ ಸುಮ್ಮನೆ ಕೂತಿರುವ ದಾಸ್ತಾನಲ್ಲ. ಅದರಲ್ಲಿರುವ ಅರೊಮಟೇಸ್ ಎಂಬ ಕಿಣ್ವವು ಬೇರೆ ಹಾರ್ಮೋನುಗಳನ್ನು ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನಾಗಿ ಮಾರ್ಪಡಿಸುತ್ತದೆ. ಆದ್ದರಿಂದ ಮುಟ್ಟು ನಿಂತು ಅಂಡಾಶಯವು ಕೆಲಸ ಮುಗಿಸಿದ ಮೇಲೂ ಈಸ್ಟ್ರೋಜೆನ್ ಹುಟ್ಟುತ್ತಲೇ ಇರುತ್ತದೆ, ಅದಕ್ಕೆ ಕಡಿವಾಣ ಹಾಕುವ ಪ್ರೊಜೆಸ್ಟರಾನ್ ಹಾರ್ಮೋನು ಮಾತ್ರ ಇರುವುದಿಲ್ಲ. ಈಸ್ಟ್ರೋಜೆನ್‌ನ ಪ್ರಚೋದನೆಯಿಂದ ಗರ್ಭಕೋಶದ ಒಳಪದರ ತಡೆಯಿಲ್ಲದೆ ದಪ್ಪವಾಗುತ್ತ ಹೋಗುತ್ತದೆ. ಬೊಜ್ಜಿನಿಂದಾಗಿ ರಕ್ತದಲ್ಲಿ ಏರಿದ ಇನ್ಸುಲಿನ್ ಜೀವಕೋಶಗಳ ಬೆಳವಣಿಗೆಗೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ.

ನಮ್ಮ ದೇಶದವರಿಗೆ ಬಿಎಂಐ 25 ಆದರೇ ಬೊಜ್ಜು ಎಂದು ಭಾರತೀಯ ತಜ್ಞರು 2009ರಲ್ಲಿ ಒಮ್ಮತಕ್ಕೆ ಬಂದರು. ಹೆಂಗಸರ ಸೊಂಟದ ಸುತ್ತಳತೆಗೆ ಅವರು ಇಟ್ಟ ಮಿತಿ 80 ಸೆಂಟಿಮೀಟರ್. ದರ್ಜಿಯ ಟೇಪೊಂದು ಸಾಕಾಗುವ ಈ ಅಳತೆಯನ್ನು ಎಷ್ಟು ದವಾಖಾನೆಗಳಲ್ಲಿ ತೆಗೆಯುತ್ತಾರೆ?

ನನ್ನ ತಕರಾರು ಇರುವುದು ನಾವು ತೂಕದ ಬಗ್ಗೆ ಆಡುವ ಮಾತಿನ ಧಾಟಿಯ ಮೇಲೆ. ಮದುವೆಮನೆಯಲ್ಲಿ "ಏನಮ್ಮಾ, ಇಷ್ಟು ದಪ್ಪಗಾಗಿದ್ದೀಯಾ" ಎಂದು ಎಲ್ಲರೆದುರು ಕೇಳುವವರಿಗೆ ಬರವಿಲ್ಲ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ವೈದ್ಯರಿಗೆ ತೋರಿಸಬೇಕೆಂದು ಹೇಳುವವರು ಮಾತ್ರ ಕಡಿಮೆ. ಹೀಗೆ ರಕ್ತ ಕಂಡವರೆಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ, ಹೆಚ್ಚಿನವರಿಗೆ ಇರುವುದೇ ಇಲ್ಲ. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಂದವರಲ್ಲಿ ಬಹುಪಾಲು ಮಂದಿಗೆ ಮೊದಲು ಕಾಣುವ ಲಕ್ಷಣ ಅದೇ, ಮತ್ತು ಆ ಹಂತದಲ್ಲಿ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯಿಂದಲೇ ಹೆಚ್ಚಿನವರು ಗುಣವಾಗುತ್ತಾರೆ. ಪ್ಯಾಪ್ ಪರೀಕ್ಷೆ ಮಾಡಿಸಿದ್ದೇವೆಂದು ನೆಮ್ಮದಿಯಾಗಿರುವಂತಿಲ್ಲ, ಏಕೆಂದರೆ ಅದು ಗರ್ಭಕಂಠದ ಕ್ಯಾನ್ಸರ್‌ಗಾಗಿ ಇರುವ ಪರೀಕ್ಷೆ. ಇಲ್ಲಿ ಬೇಕಾದದ್ದು ಒಳಪದರದ ದಪ್ಪವನ್ನು ಅಳೆಯುವ ಸ್ಕ್ಯಾನ್. ಅದು 4 ಮಿಲಿಮೀಟರ್ ಮೀರಿದ್ದರೆ, ಅಥವಾ ರಕ್ತ ಮತ್ತೆ ಮತ್ತೆ ಕಂಡರೆ, ಒಳಪದರದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯನ್ನು ಮುಂದೂಡಬಾರದು.