ಕದಲದ ಎರಡು ತಂತಿ

ಕೇಳುಗರಿಗೆ ನಮಸ್ಕಾರ.

ಲಂಡನ್ನಿನ ಕೋಲ್ಡ್‌ಪ್ಲೇ ತಂಡದ ಮೊದಲ ಆಲ್ಬಮ್ ‘ಪ್ಯಾರಾಶೂಟ್ಸ್’ ಬಂದದ್ದು 2000ದ ಜುಲೈ 10ರಂದು. 10 ಹಾಡು, ಸುಮಾರು 42 ನಿಮಿಷ. ಹಾಡುಗಾರ ಕ್ರಿಸ್ ಮಾರ್ಟಿನ್, ಗಿಟಾರಿಗೆ ಜಾನಿ ಬಕ್‌ಲ್ಯಾಂಡ್, ಬೇಸ್‌ಗೆ ಗೈ ಬೆರಿಮನ್, ಡ್ರಮ್ಸ್‌ಗೆ ವಿಲ್ ಚಾಂಪಿಯನ್. ಮನಸ್ಸು ಭಾರವಾಗಿಸುವ ಆಲ್ಬಮ್ ಎಂದೇ ಇದಕ್ಕೆ ಹೆಸರು. ಆದರೆ ಇದರ ಅತ್ಯಂತ ಜನಪ್ರಿಯ ಹಾಡು ‘ಯೆಲ್ಲೊ’ ಇರುವುದು ಬಿ ಮೇಜರ್‌ನಲ್ಲಿ, ಅಂದರೆ ಸಾಮಾನ್ಯವಾಗಿ ಹರ್ಷದ್ದೆನಿಸುವ ಸ್ವರಶ್ರೇಣಿಯಲ್ಲಿ. ಮಾತಿನಲ್ಲೂ ಅಳು ಇಲ್ಲ, ಪ್ರೀತಿಯೇ ಇದೆ. ಹಾಗಿದ್ದ ಮೇಲೆ ಕೇಳುವಾಗ ಕಾಡುವ ಆ ಹಂಬಲ ಎಲ್ಲಿಂದ ಬಂತು? ಗಿಟಾರಿನ ಎರಡು ತಂತಿಗಳಿಂದ ಎನ್ನುತ್ತೇನೆ ನಾನು. ಮನೆಯಲ್ಲಿ ಗಿಟಾರ್ ಇದ್ದರೆ ಕೈಗೆತ್ತಿಕೊಳ್ಳಿ, ನುಡಿಸಿಯೇ ನೋಡೋಣ.

ಮೊದಲು ಶ್ರುತಿ. ದಪ್ಪ ತಂತಿಯಿಂದ ಸಣ್ಣದಕ್ಕೆ ಮಾಮೂಲಾಗಿ ಇ, ಎ, ಡಿ, ಜಿ, ಬಿ, ಇ. ತಂತಿಗಳ ಎಣಿಕೆ ಮಾತ್ರ ಸಣ್ಣದರಿಂದ ಶುರು. ಹಾಗೆ ನಾಲ್ಕನೆಯದಾದ ತಂತಿಯನ್ನು ಡಿಯಿಂದ ಬಿಗೆ, ಅಂದರೆ 3 ಅರ್ಧಸ್ವರ (ಪಕ್ಕಪಕ್ಕದ ಎರಡು ಸ್ವರಗಳ ಅತಿ ಸಣ್ಣ ಅಂತರ) ಇಳಿಸಿ. ಸಣ್ಣ ತಂತಿಯನ್ನು ಇಯಿಂದ ಡಿ ಶಾರ್ಪ್‌ಗೆ, ಒಂದೇ ಅರ್ಧಸ್ವರ. ಬೇಕಾದ ಸ್ವರಕ್ಕಿಂತ ತುಸು ಕೆಳಗೆ ಹೋಗಿ, ಬಿರಡೆ ಬಿಗಿಸುತ್ತಾ ಮೇಲೆ ಬಂದು ನಿಲ್ಲಿಸಿ. ಇಳಿಸಿ ಹಾಗೇ ಬಿಟ್ಟರೆ ನಾಲ್ಕು ಸಲ ಮೀಟುವಷ್ಟರಲ್ಲಿ ತಂತಿ ಇನ್ನೂ ಜಾರಿರುತ್ತದೆ. ನಾಲ್ಕನೆಯ ತಂತಿ ಸಡಿಲವಾಗಿರುವುದರಿಂದ ಜೋರಾಗಿ ಬಾರಿಸಿದರೆ ಗಿಟಾರಿನ ಕತ್ತಿನ ಮೇಲಿರುವ ಅಡ್ಡಪಟ್ಟಿಗೆ, ಅಂದರೆ ಫ್ರೆಟ್‌ಗೆ ತಾಗಿ ಜರ್ ಎನ್ನುತ್ತದೆ, ಕೈ ಹಗುರವಾಗಿರಲಿ.

ಈಗ ಬೆರಳು. ಐದನೆಯ ತಂತಿ 2ನೇ ಫ್ರೆಟ್, ನಾಲ್ಕನೆಯದು 4, ಮೂರನೆಯದೂ 4. ಕೊನೆಯ ಎರಡು ಸಣ್ಣ ತಂತಿಗಳನ್ನು ಮುಟ್ಟಬೇಡಿ, ತೆರೆದೇ ಮೊಳಗಲಿ. ಆರನೆಯದು ಬೇಡ. ಇದು ಬಿ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು). ಇದೇ ಹಿಡಿತವನ್ನು 9 ಮತ್ತು 11ಕ್ಕೆ ಜಾರಿಸಿದರೆ ಎಫ್ ಶಾರ್ಪ್, 7 ಮತ್ತು 9ಕ್ಕೆ ತಂದರೆ ಇ.

ಬಿ ಕಾರ್ಡ್‌ನಲ್ಲಿ ಮೂರನೆಯ ತಂತಿ, ಎರಡನೆಯ ತಂತಿ ಎರಡೂ ಒಂದೇ ಸ್ವರ, 247 ಹರ್ಟ್ಸ್. ಮೂರನೆಯದನ್ನು ಗಟ್ಟಿಯಾಗಿ ಒತ್ತಿದರೆ ಅದು 249ಕ್ಕೆ ಏರುತ್ತದೆ, ಆಗ ಸೆಕೆಂಡಿಗೆ ಎರಡು ಸಲ ನಾದ ಉಬ್ಬಿ ಇಳಿಯುವುದು ಕಿವಿಗೆ ಸ್ಪಷ್ಟ. ಶ್ರುತಿ ಕೆಟ್ಟಿದೆ ಎಂದು ಬಿರಡೆ ತಿರುಗಿಸಬೇಡಿ, ಬೆರಳು ಸಡಿಲಿಸಿ.

ನಮ್ಮ ಸ್ವರಗಳಲ್ಲಿ ಹೇಳುವುದಾದರೆ, ಬಿಯನ್ನು ಷಡ್ಜ ಎಂದಿಟ್ಟುಕೊಳ್ಳಿ. ತೆರೆದ ಎರಡು ತಂತಿಗಳು ಸ ಮತ್ತು ಅಂತರ ಗಾಂಧಾರ. ಹಾಡು ಎಲ್ಲಿಗೆ ಹೋದರೂ ಅವು ತಂಬೂರಿಯಂತೆ ಅಲ್ಲೇ ಮೊಳಗುತ್ತವೆ. ಕೈ ಪಂಚಮದ, ಅಂದರೆ ಎಫ್ ಶಾರ್ಪ್ ಕಾರ್ಡ್‌ಗೆ ಜಾರಿದಾಗ ನಾಲ್ಕನೆಯ ತಂತಿಯಲ್ಲಿ ಕಾಕಲಿ ನಿಷಾದ ಬರುತ್ತದೆ, 233 ಹರ್ಟ್ಸ್. ಪಕ್ಕದಲ್ಲೇ ಷಡ್ಜ, 247. ಮಧ್ಯಮದ, ಅಂದರೆ ಇ ಕಾರ್ಡ್‌ಗೆ ಬಂದಾಗ ಶುದ್ಧ ಮಧ್ಯಮ 330, ಅದರ ಕೆಳಗೇ ಗಾಂಧಾರ 311. ಅರ್ಧಸ್ವರದ ಅಂತರದಲ್ಲಿ ಎರಡು ನಾದ ಒಂದನ್ನೊಂದು ಉಜ್ಜುತ್ತವೆ, ಯಾವುದೂ ಬಿಟ್ಟುಕೊಡುವುದಿಲ್ಲ. ಬಿಗೆ ಮರಳಿದಾಗ ಮಾತ್ರ ಉಸಿರು ಸಡಿಲ. ಮಾಮೂಲು ಶ್ರುತಿಗೆ ಮರಳಿ, ಒಂದು ಬೆರಳನ್ನು ತಂತಿಗಳ ಮೇಲೆ ಅಡ್ಡ ಒತ್ತುವ ಬಾರ್ ಕಾರ್ಡ್ ಹಿಡಿದು ನುಡಿಸಿ ನೋಡಿ: ರಾಗ ಅದೇ, ಸಂಕಟ ಮಾತ್ರ ಮಾಯ.

ಹಾಡು ಹುಟ್ಟಿದ್ದು ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೊದಲ್ಲಿ. ಧ್ವನಿಮುದ್ರಣದಲ್ಲಿ ಇದರ ಲಯ ಕೈಗೆ ಸಿಗದೆ ತಂಡವೂ ನಿರ್ಮಾಪಕ ಕೆನ್ ನೆಲ್ಸನ್ ಅವರೂ ಒದ್ದಾಡಿದರು. ತುಸು ಓಡಿದರೂ ತಪ್ಪು, ತುಸು ಎಳೆದರೂ ತಪ್ಪು. ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಪ್ರಯತ್ನಿಸಿ, ಸರಿಯಾದ ನಡೆ ಸಿಕ್ಕ ಮೇಲೆ 2 ಇಂಚಿನ ಟೇಪಿಗೆ ಹೋದರು. ಕೊನೆಗೆ ಉಳಿದದ್ದು ಲಿವರ್‌ಪೂಲಿನ ಪಾರ್ ಸ್ಟ್ರೀಟ್ ಸ್ಟುಡಿಯೊದಲ್ಲಿ ಎಲ್ಲರೂ ಒಟ್ಟಿಗೆ ನುಡಿಸಿದ ಪ್ರತಿ. ನೀವು ನುಡಿಸುವಾಗಲೂ ಕೆಡುವುದು ಇಲ್ಲೇ: ಗಿಟಾರ್ ಜೋರಾದ ಕೂಡಲೇ ಕೈ ಓಡುತ್ತದೆ, ಓಡಿದರೆ ಆ ಉಜ್ಜಾಟ ಕೇಳಿಸುವುದೇ ಇಲ್ಲ. ಟಿಕ್ ಟಿಕ್ ಎಂದು ಲಯ ಹಿಡಿದುಕೊಡುವ ಮೆಟ್ರೊನೋಮ್ ಇಟ್ಟುಕೊಳ್ಳಿ.

ಆಲ್ಬಮನ್ನು ಒಟ್ಟಾಗಿ, ಅದರ ಕ್ರಮದಲ್ಲೇ ಕೇಳಿ. ‘ಪ್ಯಾರಾಶೂಟ್ಸ್’ ಎಂಬ ಹಾಡು ಬರೀ 46 ಸೆಕೆಂಡು, ಹಾಡುಗಳನ್ನು ಕಲಸಿ ಹಾಕಿದರೆ ಬಂದದ್ದೇ ತಿಳಿಯದು. ಹತ್ತನೆಯ ಹಾಡು ಮುಗಿದು ಮೌನವಾದಾಗ ಸಿಡಿ ನಿಲ್ಲಿಸಬೇಡಿ. ಹತ್ತರ ಎಣಿಕೆಗೆ ಸೇರದ ಇನ್ನೊಂದು ಪುಟ್ಟ ಹಾಡು ಆ ಮೌನದ ಆಚೆಗಿದೆ.