ಹೆಂಡತಿಗೆ 38 ಸೆಂಟು ಟಿಪ್ಸ್

ಗಂಡ ನೊಬೆಲ್ ಬಹುಮಾನ ತರಲು ಹೊರಟಿದ್ದಾನೆ. ಹೆಂಡತಿ ಭರ್ಜರಿ ತಿಂಡಿ ಮಾಡಿ ಬಡಿಸಿದ್ದಾಳೆ. ತಿಂದು ಎದ್ದು ಹೋದ. ಮೇಜು ಒರೆಸಲು ಬಂದರೆ ಕಾಫಿ ಕಪ್ಪಿನ ಪಕ್ಕ ಚಿಲ್ಲರೆ, 38 ಸೆಂಟು. ಹೆಂಡತಿಗೆ ಟಿಪ್ಸ್ ಇಟ್ಟು ಹೋಗಿದ್ದಾನೆ ಮಹಾನುಭಾವ!

ಇದು ಅಮೆರಿಕದ ಲೇಖಕ ಕರ್ಟ್ ವಾನೆಗಟ್ 1963ರಲ್ಲಿ ತಂದ 'ಕ್ಯಾಟ್ಸ್ ಕ್ರೇಡಲ್' ಕಾದಂಬರಿ. ಆ ಗಂಡ ಫೀಲಿಕ್ಸ್ ಹೋನಿಕರ್, ಅಣುಬಾಂಬಿನ ಅಪ್ಪಂದಿರಲ್ಲಿ ಒಬ್ಬ ಅನ್ನಿಸಿಕೊಂಡವನು. ಬಿಸಿಲಲ್ಲೂ ನೀರನ್ನು ಗಡ್ಡೆ ಕಟ್ಟಿಸುವ 'ಐಸ್-ನೈನ್' ಕೂಡ ಇವನದ್ದೇ. ಅದರಿಂದ ಲೋಕವೇ ಹೆಪ್ಪುಗಟ್ಟುತ್ತದೆ. ಹಾಗಾಗಿ ಇದನ್ನು ಬಾಂಬ್ ವಿರೋಧಿ ಕಾದಂಬರಿ ಅಂತಲೇ ಓದುತ್ತಾರೆ. ನನಗೆ ಮಾತ್ರ ಇದು ಸಾವಾದ ಮನೆಯೊಂದರ ಕಥೆ. ಅಳಬೇಕಾದವನು ಅಳದೇ ಹೋದ ಮನೆ.

1947ರಲ್ಲಿ ವಾನೆಗಟ್ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನ ಕಂಪನಿ ಜನರಲ್ ಎಲೆಕ್ಟ್ರಿಕ್‌ನಲ್ಲಿ ಪ್ರಚಾರದ ಕೆಲಸಕ್ಕೆ ಸೇರಿದ. ಅಣ್ಣ ಬರ್ನಾರ್ಡ್ ಅಲ್ಲೇ ವಿಜ್ಞಾನಿ. ಮೋಡಬಿತ್ತನೆಗೆ ಸಿಲ್ವರ್ ಅಯೊಡೈಡ್ ಅನ್ನುವ ರಾಸಾಯನಿಕ ಬಳಸಬಹುದು ಅಂತ ಕಂಡುಕೊಂಡವನೇ ಅವನು. ಯುದ್ಧ ಗೆದ್ದಾಯ್ತು, ಇನ್ನು ಮಳೆಯನ್ನೂ ನಾವೇ ತರಿಸುತ್ತೇವೆ ಅನ್ನುವ ಹುಮ್ಮಸ್ಸು. 'ಪ್ರಗತಿಯೇ ನಮ್ಮ ಅತಿ ಮುಖ್ಯ ಉತ್ಪನ್ನ' ಅಂತ 50ರ ದಶಕದಲ್ಲಿ ಆ ಕಂಪನಿ ಟಿವಿಯಲ್ಲಿ ಹೇಳುತ್ತಿತ್ತು. ಟಿಪ್ಸ್ ಕಥೆಯೂ ಅಲ್ಲಿಯದೇ. ಅಲ್ಲಿನ ನೊಬೆಲ್ ವಿಜ್ಞಾನಿ ಇರ್ವಿಂಗ್ ಲ್ಯಾಂಗ್ಮ್ಯೂರ್ ನಿಜಕ್ಕೂ ಹಾಗೆ ಮಾಡಿದ್ದ ಅಂತ ವಾನೆಗಟ್ಟೇ ಹೇಳಿದ್ದಾನೆ.

ಆಮೇಲೆ 1958ರ ಸೆಪ್ಟೆಂಬರ್ ಬಂತು. ವಾನೆಗಟ್ ಭಾವ ಹತ್ತಿದ್ದ ರೈಲು, ಹಡಗು ದಾಟಲೆಂದು ತೆರೆದಿದ್ದ ಸೇತುವೆಯಿಂದ ನ್ಯೂವಾರ್ಕ್ ಕೊಲ್ಲಿಗೆ ಬಿತ್ತು. ಕ್ಯಾನ್ಸರ್ ಆಗಿ ಆಸ್ಪತ್ರೆಯಲ್ಲಿದ್ದ ಅಕ್ಕ ಆಲಿಸ್ ಒಂದೆರಡು ದಿನದಲ್ಲೇ ಹೋದಳು. ಅವರ ಮೂವರು ಗಂಡುಮಕ್ಕಳು ವಾನೆಗಟ್ ಮನೆ ಸೇರಿದರು. ಅವನ ಸ್ವಂತ ಮಕ್ಕಳೂ ಮೂವರು.

ಈಗ ಕಾದಂಬರಿ ತೆಗೆದರೆ ಅಲ್ಲೂ ತಾಯಿಯಿಲ್ಲದ ಮೂವರು ಮಕ್ಕಳು! ಸುಮ್ನೆ ಹಾಗಾಯಿತು ಅಂದರೆ ನಾನಂತೂ ನಂಬುವುದಿಲ್ಲ. ಕೊನೆಯವನನ್ನು ಹೆತ್ತು ತಾಯಿ ತೀರಿಕೊಳ್ಳುತ್ತಾಳೆ. ದೊಡ್ಡವಳು ಆಂಜೆಲಾ ಹೈಸ್ಕೂಲ್ ಬಿಟ್ಟು ಮನೆ ಹಿಡಿಯುತ್ತಾಳೆ. ಅಪ್ಪ ಹೋನಿಕರ್ ಎಲ್ಲಿ? ಲ್ಯಾಬಿನಲ್ಲಿ. ಹಿರೋಷಿಮಾ ಮೇಲೆ ಬಾಂಬ್ ಬಿದ್ದ ದಿನ ಅವನಿಗೆ ಮೊದಲ ಸಲ ಚಿಕ್ಕ ಮಗನ ಜೊತೆ ಆಡೋಣ ಅನ್ನಿಸುತ್ತದೆ. ಬೆರಳಿಗೆ ದಾರ ಸುತ್ತಿ ಆಡುವ 'ಕ್ಯಾಟ್ಸ್ ಕ್ರೇಡಲ್' ಆಟ ಕಟ್ಟಿ ಹುಡುಗನ ಮುಖದ ಹತ್ತಿರ ತರುತ್ತಾನೆ. ಹುಡುಗ ಹೆದರಿ, ಅಳುತ್ತಾ ಹೊರಗೆ ಓಡುತ್ತಾನೆ. ಮಗನಿಗೆ ಅಪ್ಪನ ಮುಖ ಅಷ್ಟು ಹತ್ತಿರದಿಂದ ನೋಡಿ ಅಭ್ಯಾಸವೇ ಇರಲಿಲ್ಲ, ಅಲ್ವಾ?

ಮುಂದೆ ಸ್ಮಶಾನದ ದೃಶ್ಯ ಇದೆ. ನಾನು ಆ ಪುಟಕ್ಕೆ ಜಾಸ್ತಿ ಸಲ ವಾಪಸ್ ಹೋಗುತ್ತೇನೆ. ಅಮ್ಮನ ಸಮಾಧಿಯ ಮೇಲೆ 20 ಅಡಿ ಎತ್ತರದ ಕಲ್ಲು. ನೊಬೆಲ್ ದುಡ್ಡಲ್ಲಿ ಬಂದದ್ದು. ಅಣುಬಾಂಬಿನ ಅಪ್ಪನಿಗೆ 40 ಸೆಂಟಿಮೀಟರಿನ ಒಂದು ಅಮೃತಶಿಲೆಯ ತುಂಡು. ಅದರ ಮೇಲೆ ಹೆಸರೂ ಇಲ್ಲ. 'ಅಪ್ಪ' ಅಂತ ಬರೆದಿದೆ.